ಅರಸನ ನೂರು ಹವ್ಯಾಸ, ಕಲಿಸಿದವರ ಹೆಸರು

ಕೆಲಸಕ್ಕೆ ಅರ್ಜಿ ಹಾಕುವಾಗ ಬಯೋಡೇಟಾದ ಕೊನೆಯಲ್ಲಿ 'ಹವ್ಯಾಸಗಳು' ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಏನು ಬರೆಯಬೇಕು ಎಂಬುದು ಆಗಲೇ ತೀರ್ಮಾನವಾಗಿದೆ: ಪುಸ್ತಕ ಓದುವುದು, ಹಾಡು ಕೇಳುವುದು, ಪ್ರವಾಸ, ಕ್ರಿಕೆಟ್. ಹಳ್ಳಿಯಿಂದ ಬಂದ ಹುಡುಗ ಕೆರೆಯಲ್ಲಿ ಗಾಳ ಹಾಕುವುದರಲ್ಲಿ ಎಷ್ಟೇ ನಿಪುಣನಿರಲಿ, ಆ ಸಾಲಿನಲ್ಲಿ ಗಾಳ ಬರುವುದಿಲ್ಲ. ಟಗರು ಸಾಕುವುದು ಬರುವುದಿಲ್ಲ. ಕಸೂತಿ ಬಂದರೂ ಬಂದೀತು, ಅಜ್ಜಿಯಿಂದ ಕಲಿತ ಬೀಸುವ ಹಾಡು ಬರುವುದಿಲ್ಲ.

1129ರ ಸುಮಾರಿಗೆ ಕಲ್ಯಾಣದ ಅರಸನೊಬ್ಬ ಇದೇ ಸಾಲನ್ನು ತುಂಬಲು ಕೂತ. ಅವನಿಗೆ ನೂರು ಅಧ್ಯಾಯ ಬೇಕಾಯಿತು. ಗಾಳವೂ ಬಂತು, ಟಗರೂ ಬಂತು, ಹೆಂಗಸರು ಕುಟ್ಟುವಾಗ ಹೇಳುವ ಹಾಡೂ ಬಂತು.

ಅರಸನ ಹೆಸರು ಮೂರನೆಯ ಸೋಮೇಶ್ವರ. ಕಲ್ಯಾಣ ಚಾಲುಕ್ಯರ ಪ್ರಸಿದ್ಧ ದೊರೆ ಆರನೆಯ ವಿಕ್ರಮಾದಿತ್ಯನ ಮಗ. ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಪ್ಪ ಅರ್ಧ ಶತಮಾನ ಆಳಿದ, ಮಗನಿಗೆ ಸಿಕ್ಕಿದ್ದು ಹನ್ನೆರಡು ವರ್ಷ ಮಾತ್ರ, ಹೆಚ್ಚುಕಡಿಮೆ 1126ರಿಂದ 1138ರವರೆಗೆ. ಯುದ್ಧದಲ್ಲಿ ಅಪ್ಪನಷ್ಟು ಹೆಸರು ಮಾಡಲಿಲ್ಲ. ಭೂಲೋಕಮಲ್ಲ ಎಂಬ ಬಿರುದಿತ್ತು, ಆದರೆ ಅವನಿಗೆ ಹೆಚ್ಚು ಒಪ್ಪುವುದು ಇನ್ನೊಂದು ಬಿರುದು, 'ಸರ್ವಜ್ಞ'. ತ್ರಿಪದಿಯ ಸರ್ವಜ್ಞನಿಗೂ ಇವನಿಗೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಎಲ್ಲವನ್ನೂ ತಿಳಿದವನು ಅನ್ನಿಸಿಕೊಳ್ಳುವ ಆಸೆ ಇದ್ದ ಮನುಷ್ಯ. ಆ ಆಸೆಯಿಂದ ಹುಟ್ಟಿದ ಸಂಸ್ಕೃತ ಗ್ರಂಥವೇ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಮನಸ್ಸಿಗೆ ಉಲ್ಲಾಸ, ಬಯಸಿದ್ದನ್ನು ಕೊಡುವ ಮಣಿ. ಎರಡೂ ಹೆಸರುಗಳು ಕರ್ತವ್ಯದ ಮಾತಾಡುವುದಿಲ್ಲ, ಖುಷಿಯ ಮಾತಾಡುತ್ತವೆ. ಗ್ರಂಥದೊಳಗಿನ ಜ್ಯೋತಿಷ್ಯದ ಲೆಕ್ಕದಲ್ಲಿ ಶಕ 1051 ಎಂದು ಬರುವುದರಿಂದ ಕಾಲ ಗೊತ್ತಾಗಿದೆ.

ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಂದೊಂದು ಭಾಗಕ್ಕೂ 'ವಿಂಶತಿ' ಎಂದು ಹೆಸರು. ಮೊದಲೆರಡು ಭಾಗ ರಾಜ್ಯ ಪಡೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ. ಅದನ್ನು ಬೇಗ ದಾಟಬಹುದು, ಅಂಥ ಮಾತು ಹೇಳಿದವರು ಬಹಳ ಜನ ಇದ್ದಾರೆ. ಮೂರನೆಯ ಭಾಗದಿಂದ ಅರಸ ನಿಜವಾಗಿ ಬಾಯಿ ಬಿಡುತ್ತಾನೆ. ಮನೆ, ಸ್ನಾನ, ಪಾದುಕೆ, ತಾಂಬೂಲ, ಬಟ್ಟೆ, ಹೂಮಾಲೆ, ಊಟ, ಕುಡಿಯುವ ನೀರು, ಕೊಡೆ, ಹಾಸಿಗೆ, ಧೂಪ. ಪ್ರತಿಯೊಂದಕ್ಕೂ ಒಂದು ಅಧ್ಯಾಯ. ನಾಲ್ಕನೆಯದು ವಿನೋದಗಳು: ಆನೆ ಓಡಿಸುವುದು, ಕುದುರೆ ಸವಾರಿ, ಕುಸ್ತಿ, ಕೋಳಿ ಅಂಕ, ಲಾವಕ್ಕಿ ಕಾಳಗ, ಟಗರು ಕಾಳಗ, ಕೋಣನ ಕಾಳಗ, ಪಾರಿವಾಳ, ನಾಯಿ, ಡೇಗೆ ಬಿಟ್ಟು ಬೇಟೆ, ಮೀನು, ಸಂಗೀತ, ವಾದ್ಯ, ಕುಣಿತ, ಕಥೆ. ಐದನೆಯದು ಆಟಗಳು. ಕೃತಕ ಬೆಟ್ಟ, ವನವಿಹಾರ, ಉಯ್ಯಾಲೆ, ನೀರಾಟ, ಚದುರಂಗ, ಪಗಡೆ.

ಹೀಗೆ ಪಟ್ಟಿ ಮಾಡಿದರೆ ಭೋಗದ ಪಟ್ಟಿಯಂತೆ ಕಾಣುತ್ತದೆ. ಭೋಗವೂ ಹೌದು. ಆದರೆ ಒಳಗೆ ಹೋಗಿ ನೋಡಿದರೆ ಈ ಮನುಷ್ಯನಿಗೆ ಅನುಭವಿಸುವುದು ಸಾಲದು, ಅದು ಹೇಗೆ ಆಗುತ್ತದೆ ಅಂತಲೂ ತಿಳಿಯಬೇಕು. ಅಡುಗೆಯ ಅಧ್ಯಾಯದಲ್ಲಿ 'ಇಡ್ಡರಿಕಾ' ಬರುತ್ತದೆ, 'ದೋಸಕ' ಬರುತ್ತದೆ, ವಡೆ, ಹೋಳಿಗೆಯಂಥವು ಬರುತ್ತವೆ. ಸಂಸ್ಕೃತದ ವೇಷ ಹಾಕಿಕೊಂಡ ನಮ್ಮ ಇಡ್ಲಿ, ದೋಸೆಗಳೇ ಅವು. ಆ ಇಡ್ಲಿ ಉದ್ದಿನದು, ಅದಕ್ಕೆ ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ. ಅದೇ ಅಧ್ಯಾಯದಲ್ಲಿ ಹೊಲದ, ಹೊಳೆದಂಡೆಯ ಕಪ್ಪು ಇಲಿಗಳನ್ನು ಬೇಯಿಸುವ ಬಗೆಯೂ ಇದೆ. ಇಲಿ ಹಿಡಿದು ತಿನ್ನುವವರನ್ನು ಇವತ್ತು ಎಷ್ಟು ಕೀಳಾಗಿ ನೋಡುತ್ತಾರೆ ಎಂಬುದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತು. ಒಂಬೈನೂರು ವರ್ಷದ ಹಿಂದೆ ಚಕ್ರವರ್ತಿಯ ಅಡುಗೆಮನೆಯ ಪುಸ್ತಕದಲ್ಲಿ ಅದು ಸಂಕೋಚವಿಲ್ಲದೆ ಕೂತಿದೆ.

ಚಿತ್ರ ಬರೆಯುವ ಭಾಗದಲ್ಲಿ 'ವಜ್ರಲೇಪ' ಎಂಬ ಅಂಟಿನ ವಿಧಾನ ಬರುತ್ತದೆ. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಕುದಿಸಿ, ಕಡ್ಡಿ ಮಾಡಿ ಒಣಗಿಸಿ ಇಟ್ಟುಕೊಳ್ಳಬೇಕು. ಬೇಕಾದಾಗ ಬಿಸಿನೀರಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸುವುದು. ಮೀನಿನ ಅಧ್ಯಾಯ ಇನ್ನೂ ಚೆನ್ನ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನಿನ ಹೆಸರು, ಸಮುದ್ರದ್ದು ಯಾವುದು ಹೊಳೆಯದ್ದು ಯಾವುದು, ಚಿಪ್ಪಿರುವುದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಮೇವು, ಗಾಳದ ದಾರ ಹೇಗಿರಬೇಕು, ಮೀನು ಕಚ್ಚಿದ್ದು ಗೊತ್ತಾಗುವುದು ಹೇಗೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನವನ್ನೇ ಬರೆದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದವರು, ಜೀವನವಿಡೀ ಮೀನಿನ ಹಿಂದೆ ಬಿದ್ದವರು ಅವರು. ಅಂಥವರಿಗೂ ಈ ಅರಸನ ಬರಹದಲ್ಲಿ ಓದಬೇಕಾದ್ದು ಇತ್ತು.

ಇಲ್ಲಿ ನಮಗೆ ಕಾಡುವ ಪ್ರಶ್ನೆ ಶುರುವಾಗುತ್ತದೆ. ಸೋಮೇಶ್ವರನಿಗೆ ಇದೆಲ್ಲ ಹೇಳಿಕೊಟ್ಟವರು ಯಾರು?

ಆನೆ, ಕುದುರೆಯ ವಿಷಯಕ್ಕೆ ಅವನ ಹಿಂದೆ ಹಳೆಯ ಶಾಸ್ತ್ರಗ್ರಂಥಗಳಿದ್ದವು. ಆಸ್ಥಾನದ ಪಂಡಿತರ ಕೈಯೂ ಬರಹದಲ್ಲಿ ಇದ್ದೇ ಇರುತ್ತದೆ, ಅರಸರ ಗ್ರಂಥಗಳು ಹಾಗೇ ಆಗುವುದು. ಆದರೆ ಯಾವ ಮೀನಿಗೆ ಯಾವ ಮೇವು ಎಂಬುದು ತಾಳೆಗರಿಯಲ್ಲಿ ಸಿಗುವಂಥದ್ದಲ್ಲ. ಅದು ನೀರಿನ ದಂಡೆಯಲ್ಲಿ ಕೂತವನಿಗೆ ಗೊತ್ತು. ಎಮ್ಮೆ ಚರ್ಮ ಎಷ್ಟು ಹೊತ್ತು ಕುದಿಯಬೇಕು ಎಂಬುದು ಚರ್ಮದ ಕೆಲಸ ಮಾಡುವವನಿಗೆ ಗೊತ್ತು. ಹೊಲದ ಇಲಿಯ ರುಚಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ಈ ಎಲ್ಲ ತಿಳಿವಳಿಕೆ ಹೊಳೆಯಿಂದ, ಕೇರಿಯಿಂದ, ಹೊಲದಿಂದ ಎದ್ದು ಬಂದು, ಸಂಸ್ಕೃತ ಶ್ಲೋಕವಾಗಿ, 'ಸರ್ವಜ್ಞ'ನ ಹೆಸರಿನ ಕೆಳಗೆ ಕೂತಿತು.

ಹಾಡಿನ ಅಧ್ಯಾಯದಲ್ಲಿ ಇದು ಇನ್ನೂ ಸ್ಪಷ್ಟ. ಗ್ರಂಥದಲ್ಲಿ ದೊಡ್ಡ ಪಾಲು ಸಂಗೀತಕ್ಕೇ ಮೀಸಲು. ಅಲ್ಲಿ ಅರಸ ಮಾರ್ಗ ಸಂಗೀತಕ್ಕೆ ನಿಲ್ಲದೆ ದೇಸಿಗೂ ಇಳಿಯುತ್ತಾನೆ. ತ್ರಿಪದಿ, ಷಟ್ಪದಿಗಳ ಹೆಸರು ಬರುತ್ತದೆ, ಮದುವೆಗೆ ಹಾಡುವ ಧವಳ ಬರುತ್ತದೆ. ಮಹಾರಾಷ್ಟ್ರದ ಕಡೆ ಹೆಂಗಸರು ಕಾಳು ಕುಟ್ಟುವಾಗ 'ಓವಿ' ಹಾಡುತ್ತಾರೆ ಎಂದು ಬರೆಯುತ್ತಾನೆ. ಒಂದೇ ಒಂದು ಸಾಲಿನ ಮಾತು. ಮರಾಠಿ ಜಾನಪದದ ಚರಿತ್ರೆ ಬರೆಯುವವರು ಇಂದಿಗೂ ಆ ಸಾಲನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಪ್ರಕಾರ ಇಡೀ ನೂರು ಅಧ್ಯಾಯದಲ್ಲಿ ಅರಸನ ಕಿವಿ ಅರಮನೆಯ ಗೋಡೆ ದಾಟಿ ಕೇಳಿದ ಅಪರೂಪದ ಕ್ಷಣ ಅದು. ಒನಕೆಯ ಸದ್ದು ಕೇಳಿತು, ಹಾಡೂ ಕೇಳಿತು. ಕುಟ್ಟುತ್ತಿದ್ದವಳ ಹೆಸರು ಕೇಳಬೇಕೆಂದು ಹೊಳೆಯಲಿಲ್ಲ.

ಈ ವಂಶದ ಆಳ್ವಿಕೆಯಲ್ಲಿ ಇದಕ್ಕಿಂತ ನೂರು ವರ್ಷ ಮೊದಲೇ ಇಂಥ ಇನ್ನೊಂದು ಪುಸ್ತಕ ಹುಟ್ಟಿತ್ತು, ಅದೂ ಕನ್ನಡದಲ್ಲಿ. ಜಯಸಿಂಹನ ಕಾಲದ ಚಾವುಂಡರಾಯ 1025ರ ಹೊತ್ತಿಗೆ ಬರೆದ 'ಲೋಕೋಪಕಾರ'. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಇವನು ಬೇರೆ. ಹನ್ನೆರಡು ಅಧ್ಯಾಯದಲ್ಲಿ ಪಂಚಾಂಗ, ಮನೆ ಕಟ್ಟುವುದು, ನೆಲದೊಳಗಿನ ನೀರು ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧ, ಅಡುಗೆ, ಮನುಷ್ಯರ ವೈದ್ಯ, ದನಕರುಗಳ ವೈದ್ಯ, ವಿಷಕ್ಕೆ ಮದ್ದು, ಶಕುನ ಎಲ್ಲವೂ ಇವೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಬೆರೆಸಿ ಇಡ್ಲಿ ಮಾಡುವ ಬಗೆ ಇಲ್ಲೂ ಸಿಗುತ್ತದೆ. ಇದರ ಹೆಸರೇ ಹೇಳುವಂತೆ ಉಪಕಾರಕ್ಕೆ ಬರೆದ ಪುಸ್ತಕ, ಹೊಲಮನೆ ಇರುವವನ ಕೈಪಿಡಿ. ಮಾನಸೋಲ್ಲಾಸ ಉಲ್ಲಾಸಕ್ಕೆ ಬರೆದದ್ದು. ನಮ್ಮಲ್ಲಿ ಕೆಲವರಿಗೆ ಲೋಕೋಪಕಾರವೇ ದೊಡ್ಡದು. ಉಳಿದವರು ಒಪ್ಪುವುದಿಲ್ಲ. ಉಪಯೋಗಕ್ಕೆ ಮಾತ್ರ ಬರೆದರೆ ಮೀನು ಹಿಡಿಯುವ ಸುಖದ ಬಗ್ಗೆ ಬರೆಯುವವರು ಯಾರು ಎಂಬುದು ಅವರ ವಾದ. ಹಳ್ಳಿಯವರಿಗೆ ಮಾಹಿತಿ ಕೊಟ್ಟರೆ ಸಾಕು, ಬೀಜ, ಗೊಬ್ಬರ, ಮಾರುಕಟ್ಟೆ ದರ ಸಾಕು ಎಂದು ನಂಬಿದ ಕೃಷಿ ಪುರವಣಿಗಳನ್ನು ಓದಿ ಬೆಳೆದ ನಮಗೆ ಆ ವಾದದಲ್ಲೂ ಹುರುಳಿದೆ ಅನ್ನಿಸುತ್ತದೆ. ಹಳ್ಳಿಯವರೂ ಖುಷಿಗಾಗಿ ಏನಾದರೂ ಮಾಡುತ್ತಾರೆ ಎಂಬುದು ಪತ್ರಿಕೆಗಳಿಗೆ ಇಂದಿಗೂ ಸುದ್ದಿಯಾಗುವುದಿಲ್ಲ.

ಸೋಮೇಶ್ವರ ಸತ್ತದ್ದು 1138ರಲ್ಲಿ. ರಾಜ್ಯ ಉಳಿಸಿಕೊಳ್ಳಲು ಇಪ್ಪತ್ತು ಅಧ್ಯಾಯ ಬರೆದವನ ಮಕ್ಕಳ ಕಾಲಕ್ಕೆ ರಾಜ್ಯ ಕೈಬಿಟ್ಟಿತು. ದಕ್ಷಿಣದಲ್ಲಿ ಹೊಯ್ಸಳರು ಬೆಳೆದರು. 1150ರ ದಶಕ ಮುಗಿಯುವ ಹೊತ್ತಿಗೆ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ತಾನೇ ಸಾರ್ವಭೌಮನೆಂದ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: ಬಸವಣ್ಣ, ಅನುಭವ ಮಂಟಪ, ಕಲ್ಯಾಣದ ಕ್ರಾಂತಿ. ಎಲ್ಲರಿಗೂ ಗೊತ್ತಿದ್ದರೂ ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ಊರು ಒಂದೇ. ನಡುವಿನ ಅಂತರ ಮೂವತ್ತೇ ವರ್ಷ. ಸೋಮೇಶ್ವರನ ಕಾಲದಲ್ಲಿ ಹುಡುಗನಾಗಿದ್ದವನು ಶರಣರ ಕಾಲಕ್ಕೆ ನಡುವಯಸ್ಸಿನವನು.

ಈಗ ಅರಸನ ಅಧ್ಯಾಯಗಳ ಪಟ್ಟಿಯನ್ನೂ ವಚನಕಾರರ ಹೆಸರಿನ ಪಟ್ಟಿಯನ್ನೂ ಒಟ್ಟಿಗೆ ಓದಿ ನೋಡಿ. ತಾಂಬೂಲದ ಮೇಲೆ ಅರಸ ಒಂದು ಅಧ್ಯಾಯ ಬರೆದ. ಯಜಮಾನನ ಎಲೆ ಅಡಿಕೆ ಚೀಲ ಹಿಡಿದು ಹಿಂದೆ ನಿಲ್ಲುವುದು ಹಡಪದವನ ಕೆಲಸ. ಹಡಪದ ಅಪ್ಪಣ್ಣ ವಚನ ಬರೆದ, ಅವನ ಹೆಂಡತಿ ಲಿಂಗಮ್ಮನೂ ಬರೆದಳು. ನೀರಿನ ವಿನೋದದ ಬಗ್ಗೆ ಅರಸ ಬರೆದ, ದೋಣಿ ನಡೆಸುವ ಅಂಬಿಗರ ಚೌಡಯ್ಯ ತನ್ನದೇ ಬಿರುಸಿನಲ್ಲಿ ಮಾತಾಡಿದ, ಅಂಕಿತಕ್ಕೆ ದೇವರ ಹೆಸರು ಹುಡುಕದೆ ತನ್ನ ಹೆಸರನ್ನೇ ಇಟ್ಟುಕೊಂಡ. ಬಟ್ಟೆಯ ಅಧ್ಯಾಯದ ಎದುರಿಗೆ ನೂಲುವ ಕದಿರ ರೆಮ್ಮವ್ವೆ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ವೈದ್ಯ ಸಂಗಣ್ಣ, ಸುಂಕದ ಬಂಕಣ್ಣ. ಒಬ್ಬೊಬ್ಬರ ಹೆಸರಿನ ಹಿಂದೆಯೂ ಅರಸನ ಪುಸ್ತಕದಲ್ಲಿ ಹೆಸರಿಲ್ಲದೆ ನಿಂತಿದ್ದ ಒಂದೊಂದು ಕಸುಬು.

ಕುಟ್ಟುವವಳೂ ಇದ್ದಾಳೆ. ಕೊಟ್ಟಣದ ಸೋಮಮ್ಮ. ಕೊಟ್ಟಣ ಅಂದರೆ ಬತ್ತ ಕುಟ್ಟುವ ಕೂಲಿ ಕೆಲಸ. ನಮಗೆ ಸಿಕ್ಕಿರುವುದು ಅವಳ ಒಂದೇ ವಚನ, ಅಂಕಿತ 'ನಿರ್ಲಜ್ಜೇಶ್ವರ'. ಅರಸನ ಪುಸ್ತಕದಲ್ಲಿ ಕುಟ್ಟುವ ಹೆಂಗಸರಿಗೆ ಸಿಕ್ಕಿದ್ದು ಒಂದು ಸಾಲು, ಇಲ್ಲಿ ಒಬ್ಬಳು ತಾನೇ ಮಾತಾಡಿ ಉಳಿಸಿದ್ದು ಒಂದು ವಚನ. ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ. ಆದರೆ ಇವಳಿಗೆ ಹೆಸರಿದೆ.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಶರಣರು ಅರಸನಿಗೆ ಉತ್ತರ ಕೊಡಲು ಬರೆದರು ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಅವರು ಬರೆದದ್ದು ಕಸುಬಿನ ಕೈಪಿಡಿಯೂ ಅಲ್ಲ. ನುಲಿಯ ಚಂದಯ್ಯನ ವಚನ ಓದಿ ಯಾರೂ ಹಗ್ಗ ಹೊಸೆಯಲು ಕಲಿಯಲಾರರು. ಕಸುಬು ಅವರಿಗೆ ದೇವರ ಬಗ್ಗೆ, ಮನುಷ್ಯನ ನಡತೆಯ ಬಗ್ಗೆ ಮಾತಾಡುವ ಭಾಷೆಯಾಗಿತ್ತು. ವಚನಗಳು ಇವತ್ತಿನ ರೂಪದಲ್ಲಿ ನಮಗೆ ಸಿಕ್ಕಿದ್ದು ನಂತರದ ಶತಮಾನಗಳಲ್ಲಿ ಸಂಗ್ರಹಿಸಿದವರ ಮೂಲಕ ಎಂಬುದನ್ನೂ ಮರೆಯುವಂತಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಸಂಗತಿ ಒಂದಿದೆ. ಇನ್ನೊಬ್ಬರ ಕಸುಬು ಅರಸನಿಗೆ ವಿನೋದವಾಗಿತ್ತು. ಅದೇ ಕಸುಬಿನವರು ಬಾಯಿ ತೆರೆದಾಗ ಅದರ ಹೆಸರು ಕಾಯಕ ಎಂದಾಯಿತು.

ಈ ವಚನಗಳು ನಮ್ಮ ಕೈಗೆ ಬಂದ ದಾರಿಯಲ್ಲಿ ಇನ್ನೊಬ್ಬ ಹವ್ಯಾಸಿ ಸಿಗುತ್ತಾರೆ. ವಿಜಾಪುರದ ಫ. ಗು. ಹಳಕಟ್ಟಿ. ವೃತ್ತಿಯಿಂದ ವಕೀಲರು. ಬಿಡುವಿನಲ್ಲಿ ಊರೂರು ತಿರುಗಿ ಮಠ, ಮನೆಗಳಿಂದ ತಾಳೆಗರಿ ಕಟ್ಟುಗಳನ್ನು ಹುಡುಕಿ ತಂದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. ಆಮೇಲೆ ಅಚ್ಚು ಹಾಕುವುದಕ್ಕೆಂದು ಇದ್ದ ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ತೆರೆದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಶಾಲೆ ಕಟ್ಟಿದರು, ಸಹಕಾರಿ ಬ್ಯಾಂಕು ಕಟ್ಟಿದರು. ವಕೀಲಿಕೆಯೊಂದನ್ನೇ ಹಿಡಿದು ಕೂತಿದ್ದರೆ ಮನೆ ಉಳಿಯುತ್ತಿತ್ತು.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡಬೇಕು. ಸೋಮೇಶ್ವರನ ನೂರು ಹವ್ಯಾಸಕ್ಕೆ ಕಂದಾಯ ಕಟ್ಟಿದವರು ರೈತರು. ಹಾಗಾದರೆ ಸಿಂಹಾಸನವಿಲ್ಲದವನು ಹತ್ತಾರು ವಿಷಯದ ಹಿಂದೆ ಹೋಗುವುದು ಹೇಗೆ? ಇದಕ್ಕೆ ಕನ್ನಡದಲ್ಲಿ ಸಿಗುವ ದೊಡ್ಡ ಉತ್ತರ ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದವರು, ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು, 'ವಸಂತ' ಎಂಬ ಪತ್ರಿಕೆ ನಡೆಸಿದವರು. ಕಾದಂಬರಿ, ನಾಟಕ, ಯಕ್ಷಗಾನ, ಮೂಕಿ ಸಿನಿಮಾ, ಮಕ್ಕಳಿಗೆ ಮೂರು ಸಂಪುಟದ 'ಬಾಲಪ್ರಪಂಚ', ಆಮೇಲೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ', ಒಬ್ಬರೇ ಕೂತು ಮಾಡಿದ ಒಂದು ನಿಘಂಟು. ಪುತ್ತೂರಿನಲ್ಲಿ ಸ್ವಂತ ಅಚ್ಚುಕೂಟ ಇಟ್ಟುಕೊಂಡು ಬೇಕಾದ್ದನ್ನು ತಾವೇ ಅಚ್ಚು ಹಾಕಿದರು. ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರದ ವಿರುದ್ಧ ನಿಂತು, 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಹತ್ತು ಮುಖ ಇರುವುದು ಹುಚ್ಚು ಎಂದು ಲೋಕ ಅನ್ನುವ ಮೊದಲೇ ತಾವೇ ಅಂದುಬಿಟ್ಟರು.

ಆ ಮಾತು ನಮಗೆ ಯಾಕೆ ತಟ್ಟುತ್ತದೆ ಅಂದರೆ, ಪತ್ರಿಕೋದ್ಯಮ ಓದಿ ಹೊರಬಂದವರಿಗೆ ಸಿಗುವ ಮೊದಲ ಬುದ್ಧಿವಾದ 'ಒಂದು ಬೀಟ್ ಹಿಡಿ' ಎಂಬುದು. ಕ್ರೈಮ್ ಹಿಡಿ, ರಾಜಕೀಯ ಹಿಡಿ, ಇಲ್ಲವೇ ಸಿನಿಮಾ ಹಿಡಿ. ಡೆಸ್ಕಿನಲ್ಲಿ ಕೂತವರಿಗೆ ಅದು ಅನುಕೂಲ. ಆದರೆ ಹಳ್ಳಿಯ ಬದುಕಿಗೆ ಬೀಟ್ ಇಲ್ಲ. ಬೆಳಿಗ್ಗೆ ಹಾಲು ಹಾಕಿದವನೇ ಮಧ್ಯಾಹ್ನ ಪಂಪ್‌ಸೆಟ್ ರಿಪೇರಿ ಮಾಡಿ, ಸಂಜೆ ಭಜನೆಗೆ ಹಾರ್ಮೋನಿಯಂ ಹಿಡಿದು, ರಾತ್ರಿ ಬಯಲಾಟದಲ್ಲಿ ದುರ್ಯೋಧನನಾಗುತ್ತಾನೆ. ಅವನ ಬಗ್ಗೆ ಬರೆಯಬೇಕಾದವರು ಯಾವ ಬೀಟಿನವರು? ನಮ್ಮಲ್ಲಿ ಒಬ್ಬರು ಹಕ್ಕಿಯ ಹಿಂದೆ, ಒಬ್ಬರು ಹಳೆಯ ರೇಡಿಯೋ ಹಿಂದೆ, ಇನ್ನೊಬ್ಬರು ಸೋಬಾನೆ ಪದದ ಹಿಂದೆ ಬಿದ್ದಿರುವುದು ಚಂಚಲತೆ ಅಂತ ಹೇಳುವವರಿದ್ದಾರೆ. ಹೇಳಲಿ. ಸೋಮೇಶ್ವರನನ್ನು ಓದಿದ ಮೇಲೆ ನಮಗೆ ಆ ವಿಷಯದಲ್ಲಿ ಅಳುಕು ಉಳಿದಿಲ್ಲ. ಉಳಿದಿರುವ ಅಳುಕು ಬೇರೆ. ಅದು ಬೈಲೈನಿನದು.

ಗ್ರಾಮೀಣ ಫೀಚರ್ ಬರೆಯುವವರ ಕೆಲಸ ಒಂದು ಅರ್ಥದಲ್ಲಿ ಸೋಮೇಶ್ವರನದೇ ಕೆಲಸ. ಕೂಳಿ ಹೆಣೆಯುವವರ ಹತ್ತಿರ ಅರ್ಧ ದಿನ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಚೆನ್ನಾದ ಕನ್ನಡದಲ್ಲಿ ಜೋಡಿಸಿ, ಮೇಲೆ ನಮ್ಮ ಹೆಸರು ಹಾಕುವುದು. ಒಳಗೆ 'ಸ್ಥಳೀಯರು ಹೇಳುತ್ತಾರೆ' ಎಂದು ಒಂದು ಮಾತು. ಸ್ಥಳೀಯರು ಅಂದರೆ ಯಾರು? ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಕಾದಂಬರಿ. ಅದರಲ್ಲಿ ದೊಡ್ಡ ವಿಜ್ಞಾನಿ ಕರ್ವಾಲೊ ಊರಿನವರು ಅಬ್ಬೇಪಾರಿ ಎಂದು ತಳ್ಳಿಹಾಕಿದ ಮಂದಣ್ಣನ ಮಾತನ್ನು ನಂಬಿ ಕಾಡಿಗೆ ನಡೆಯುತ್ತಾನೆ, ಹಾರುವ ಓತಿಯನ್ನು ಹುಡುಕಿಕೊಂಡು. ಮಂದಣ್ಣನಿಗೆ ಹೆಸರಿದೆ, ಹೆಜ್ಜೇನಿನ ಹುಚ್ಚಿದೆ, ಅವನದೇ ಸಂಸಾರ ತಾಪತ್ರಯಗಳಿವೆ. ತಾವೂ ಗಾಳ, ಕ್ಯಾಮೆರಾ, ಕುಂಚ, ಕಂಪ್ಯೂಟರ್ ಎಲ್ಲಕ್ಕೂ ಕೈ ಹಾಕಿದ್ದ ತೇಜಸ್ವಿಗೆ, ಕಾಡಿನ ಪಾಠ ಹೇಳುವವರು ಯಾರು ಎಂಬುದರಲ್ಲಿ ಗೊಂದಲವಿರಲಿಲ್ಲ.

ಹಾಗಾಗಿ ನಾವು ನಮ್ಮ ನಡುವೆ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಯಾರಿಂದ ಕಲಿತೆವೋ ಅವರು ಒಪ್ಪಿದರೆ ಅವರ ಹೆಸರು ನಮ್ಮ ಹೆಸರಿನ ಜೊತೆಗೇ, ಅದೇ ಅಕ್ಷರದ ಗಾತ್ರದಲ್ಲಿ. ಒಪ್ಪದಿದ್ದರೆ ಅದನ್ನೂ ಬರೆಯುವುದು. ಅಚ್ಚಾಗುವ ಮೊದಲು ಅವರಿಗೆ ಓದಿ ಹೇಳುವುದು. ಇದರಿಂದ ಬರಹ ತಡವಾಗುತ್ತದೆ, ಕೆಲವೊಮ್ಮೆ ಜಗಳವೂ ಆಗುತ್ತದೆ. 'ಇಷ್ಟೆಲ್ಲ ಬರೆಯಬೇಡ, ಮೀನು ಖಾಲಿಯಾಗುತ್ತದೆ' ಎಂದರೆ ಬರೆಯುವಂತಿಲ್ಲ.

ಸೋಮೇಶ್ವರನ ಮೀನಿನ ಪಟ್ಟಿಯನ್ನು ನಾವೀಗ ಕನ್ನಡ ಅಕ್ಷರದಲ್ಲಿ ಬರೆದು ಇಟ್ಟುಕೊಂಡಿದ್ದೇವೆ. ಆ ಹೆಸರುಗಳಿಗೆ ಹೋರಾ ಮೊದಲಾದ ವಿದ್ವಾಂಸರು ಶಾಸ್ತ್ರೀಯ ಹೆಸರು ಹೊಂದಿಸಲು ನೋಡಿದ್ದಾರೆ. ನಮಗೆ ಬೇಕಾಗಿರುವುದು ಊರಿನ ಹೆಸರು. ತುಂಗಭದ್ರೆ, ಭೀಮೆ, ಕಾರಂಜಾ ದಂಡೆಯ ಕಡೆ ನಮ್ಮಲ್ಲಿ ಇಬ್ಬರು ಈ ಬೇಸಿಗೆಯಲ್ಲಿ ಹೊರಟಿದ್ದಾರೆ. ನಿಮ್ಮೂರ ಕೆರೆಯಲ್ಲಿ, ಹೊಳೆಯಲ್ಲಿ ಮೀನು ಹಿಡಿಯುವವರು ಯಾವ ಮೀನಿಗೆ ಏನೆನ್ನುತ್ತಾರೆ, ಗಾಳಕ್ಕೆ ಎರೆಹುಳ ಹಾಕುತ್ತಾರೋ ಹಿಟ್ಟು ಹಾಕುತ್ತಾರೋ ಕೇಳಿ ಬರೆದು ಕಳಿಸಿ. ಹೇಳಿದವರ ಹೆಸರು ಹಾಕಬಹುದೇ ಎಂದು ಅವರನ್ನೇ ಕೇಳಿ, ಅವರು ಏನಂದರೆಂದು ಅದರ ಜೊತೆಗೆ ಬರೆಯಿರಿ.